ಹಗ್ಗದಕ್ಕ ಮತ್ತು ಕೊನೆಯ ಬಾಯಿ

ಮೊದಲೇ ಹೇಳಿಬಿಡುತ್ತೇನೆ, ನಾನು ನಮ್ಮ ಎದುರುಮನೆ ಹಗ್ಗದಕ್ಕನ ಅಭಿಮಾನಿ. ಅಭಿಮಾನಿಗಳ ಸಂಘ ಅಂತೇನಾದರೂ ಇದ್ದರೆ ಅದರ ಅಧ್ಯಕ್ಷೆ, ಕಾರ್ಯದರ್ಶಿ, ಚಪ್ಪಾಳೆ ತಟ್ಟುವವಳು ಎಲ್ಲ ನಾನೇ. ನಮ್ಮೂರಿನವರೆಲ್ಲ ನದಿಗೆ ಕಟ್ಟಿದ ತಡೆಗೋಡೆಯನ್ನು ಹೊಗಳುತ್ತಾರೆ, ಅದಕ್ಕೆ ಒರಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಪಕ್ಕದೂರಿನ ನೆಂಟರು ಬಂದರೆ ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ. ಆದರೆ ಅಕ್ಕನ ವಿಷಯ ಕೇಳಿದರೆ, “ಯಾರು, ಆ ಹಗ್ಗ ಹಿಡ್ಕೊಂಡು ಕೂರೋಳಾ?” ಅನ್ನುತ್ತಾರೆ. ಹೊಟ್ಟೆ ಉರಿಯುತ್ತೆ ನನಗೆ. ಅದಕ್ಕೇ ಬರೆಯುತ್ತಿದ್ದೇನೆ.

ಹೌದು, ಅಕ್ಕನ ಕೆಲಸ ಹಗ್ಗ ಹಿಡಿದು ಕೂರುವುದೇ. ಅವಳ ಗಂಡ, ನಾವೆಲ್ಲ ಭಾವ ಅಂತ ಕರೆಯುವವರು, ನೀರೊಳಗೆ ಮುಳುಗಿ ಕೆಲಸ ಮಾಡುವವರು. ಸೇತುವೆಯ ಕಂಬಕ್ಕೆ ಸಿಕ್ಕಿಕೊಂಡ ಮರ ತೆಗೆಯುವುದು, ಮುಳುಗಿದ ದೋಣಿಗೆ ಸರಪಳಿ ಬಿಗಿಯುವುದು, ನೀರಿನಡಿಯ ಕೊಳವೆಯ ಬಿರುಕು ಮುಚ್ಚುವುದು, ಇಂಥವು. ದಂಡೆ ಮೇಲೆ ಒಂದು ಗಾಳಿ ಯಂತ್ರ ಡುಗುಡುಗು ಅನ್ನುತ್ತಿರುತ್ತದೆ. ಅದರಿಂದ ಹೊರಟ ಪೈಪು ಭಾವನ ಮುಖವಾಡಕ್ಕೆ ಹೋಗುತ್ತದೆ. ಸೊಂಟಕ್ಕೆ ಸೀಸದ ಬೆಲ್ಟು, ಅದರ ಮೇಲೆ ಒಂದು ಹಗ್ಗ. ಆ ಹಗ್ಗದ ಇನ್ನೊಂದು ತುದಿ ಅಕ್ಕನ ಬರಿಗೈಯಲ್ಲಿ.

ಅಕ್ಕನ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. “ನನ್ನ ಸೊಸೆದು ತುಂಬ ಕಷ್ಟದ ಕೆಲ್ಸ ಕಣಮ್ಮ. ನನ್ನ ಮಗನ್ನ ಎಮ್ಮೆ ಬಿಟ್ಟಂಗೆ ನೀರಿಗೆ ಬಿಟ್ಟು, ತಾನು ದಂಡೆ ಮೇಲೆ ಗಾಳಿ ಕುಡೀತಾ ಕೂತಿರ್ತಾಳೆ.”

“ಎಮ್ಮೆ ಆದ್ರೆ ಕರೆದ್ರೆ ಬರುತ್ತೆ ಅತ್ತೆ. ನಿಮ್ಮ ಮಗ ಊಟಕ್ಕೆ ಕರೆದ್ರೂ ಬರಲ್ಲ” ಅನ್ನುತ್ತಿದ್ದಳು ಅಕ್ಕ.

ನಮ್ಮ ನದಿಯ ನೀರು ಹೇಗೆ ಅಂದರೆ, ಒಳಗೆ ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ಕೆಸರು. ಭಾವ ಮಾಡುವುದೆಲ್ಲ ಕೈ ಸವರಿ. ಕೂಗಿದರೆ ಕೇಳುವುದಿಲ್ಲ, ಕೈ ಬೀಸಿದರೆ ಕಾಣುವುದಿಲ್ಲ. ಮಾತೆಲ್ಲ ಹಗ್ಗದಲ್ಲಿ. ಅಕ್ಕ ಮೇಲಿನಿಂದ ಒಂದು ಸಲ ಎಳೆದರೆ, ‘ಹೇಗಿದ್ದೀರಿ?’ ಕೆಳಗಿನಿಂದ ಒಂದು ಸಲ ಎಳೆದರೆ, ‘ಸರಿಯಾಗಿದ್ದೀನಿ.’ ಎರಡು ಅಂದರೆ ‘ಹಗ್ಗ ಸಡಿಲ ಬಿಡು.’ ಮೂರು ಅಂದರೆ ‘ಎಳಿ ಮೇಲಕ್ಕೆ.’ ಮೂರು ಬರುವವರೆಗೆ ಮೇಲಿನವರು ಎಳೆಯಬಾರದು. ಅದು ಕಟ್ಟಾಜ್ಞೆ. ಕೆಳಗಿನವರ ಕೈಯೋ ಕಾಲೋ ಯಾವ ಸಂದಿಯಲ್ಲಿ ಇರುತ್ತದೋ, ಸುಮ್ಮನೆ ಎಳೆದರೆ ಮುರಿದೇ ಹೋಗುತ್ತದೆ. ಹಗ್ಗ ಹಿಡಿದವಳ ಜೊತೆ ಯಾರೂ ಮಾತಾಡಬಾರದು ಅನ್ನುವುದು ಇನ್ನೊಂದು ಕಟ್ಟಾಜ್ಞೆ. ನಾನು ಒಂದು ಸಲ ಗೊತ್ತಿಲ್ಲದೆ “ಅಕ್ಕಾ” ಅಂದುಬಿಟ್ಟು ಆ ಕಣ್ಣನ್ನು ನೋಡಿದೆ. ಮತ್ತೆ ಅನ್ನಲಿಲ್ಲ.

ಈ ಹಗ್ಗದ ಭಾಷೆಯನ್ನು ಅಕ್ಕನಿಗೆ ಕಲಿಸಿದ್ದು ಅವಳ ದೊಡ್ಡಣ್ಣ. ಆತ ಭಾವನಿಗಿಂತ ಮುಂಚಿನ ಮುಳುಗುಗಾರ. ಆಗ ಭಾವ ಗಾಳಿ ಯಂತ್ರ ನೋಡಿಕೊಳ್ಳುತ್ತಿದ್ದರು, ಅಕ್ಕ ಎರಡು ಜಡೆ ಹಾಕಿಕೊಂಡ ಕಾಲದಿಂದ ಅಣ್ಣನಿಗೆ ಹಗ್ಗ ಹಿಡಿಯುತ್ತಿದ್ದಳು. ದೊಡ್ಡಣ್ಣನಿಗೆ ಒಂದು ಕೀಟಲೆ ಚಟ ಇತ್ತಂತೆ. ‘ಸರಿಯಾಗಿದ್ದೀನಿ’ ಅಂತ ಒಂದು ಸಲ ಎಳೆದ ಮೇಲೆ, ಸ್ವಲ್ಪ ತಡೆದು, ಬೆರಳ ತುದಿಯಲ್ಲಿ ಎನ್ನುವ ಹಾಗೆ ಇನ್ನೊಂದು ಚಿಕ್ಕ ಎಳೆತ. ಹಿಂದಿನಿಂದ ಬಂದು ತಂಗಿಯ ಜಡೆ ಎಳೆದು ಓಡಿಹೋಗುತ್ತಾರಲ್ಲ, ಹಾಗೆ. ಅದಕ್ಕೆ ಅರ್ಥ ಏನೂ ಇರಲಿಲ್ಲ. ಅಕ್ಕನಿಗೆ ಮಾತ್ರ ಅದು ಗೊತ್ತಿತ್ತು. ಹಗ್ಗ ಹಿಡಿದವರಿಗಲ್ಲದೆ ಬೇರೆ ಯಾರಿಗೆ ಗೊತ್ತಾಗಬೇಕು?

ಹಳೆ ಗಿರಣಿ ಗೊತ್ತಲ್ಲ, ನೂಲು ತೆಗೆಯುತ್ತಿದ್ದು ಮುಚ್ಚಿಹೋದದ್ದು, ಅದರ ಹಿಂದಿನ ಕಲ್ಲಿನ ಮೆಟ್ಟಿಲ ಹತ್ತಿರ ಒಂದು ಮರಳಿನ ದೋಣಿ ಮುಳುಗಿತ್ತು. ಅದನ್ನು ಎತ್ತಲು ದೊಡ್ಡಣ್ಣ ಇಳಿದ. ಕೇಳಿದಾಗಲೆಲ್ಲ ಉತ್ತರ ಬಂತು. ಸರಿಯಾಗಿದ್ದೀನಿ, ಸರಿಯಾಗಿದ್ದೀನಿ. ಆಮೇಲೆ ಗಾಳಿಯ ಪೈಪು ಕಳಚಿ ಅದರ ಗುಳ್ಳೆ ಬೇರೆ ಕಡೆ ಏಳತೊಡಗಿತು. ಹಗ್ಗ ಮೇಲೆ ಎಳೆದರೆ ಖಾಲಿ ಬಂತು. ಕಡಿದಿರಲಿಲ್ಲ, ಹರಿದಿರಲಿಲ್ಲ. ಗಂಟನ್ನು ಕೂತು ಬಿಡಿಸಿದ ಹಾಗೆ ನೀಟಾಗಿ ಬಿಚ್ಚಿತ್ತು. ದೇಹ ಸಿಗಲೇ ಇಲ್ಲ. ನದಿ ಕೆಳಗಿನ ಊರುಗಳಲ್ಲೆಲ್ಲ ಹುಡುಕಿದರು.

ಅದಾದ ಮೇಲೆ ಭಾವ ಮುಖವಾಡ ತೊಟ್ಟರು, ಅಕ್ಕನನ್ನು ಮದುವೆಯಾದರು, ಹಗ್ಗ ಮತ್ತೆ ಅಕ್ಕನ ಕೈಗೆ ಬಂತು. ಭಾವನ ಎಳೆತ ಅಂದರೆ ಗಂಟೆ ಹೊಡೆದ ಹಾಗೆ, ದಪ್ಪ. ಚಿಕ್ಕದು ಗಿಕ್ಕದು ಏನೂ ಇಲ್ಲ. “ಇವ್ರು ಹಗ್ಗ ಎಳ್ಯೋದಲ್ಲ, ನನ್ನ ಭುಜ ಕೀಳೋದು” ಅನ್ನುತ್ತಿದ್ದಳು ಅಕ್ಕ.

ಈಗ ಗೋಡೆಗೆ ಬರುತ್ತೇನೆ.

ಪ್ರತಿ ಮಳೆಗಾಲ ನದಿ ನಮ್ಮ ಕೆಳಬೀದಿಗೆ ಬರುತ್ತಿತ್ತು. ಅಟ್ಟದ ಮೇಲೆ ಹಾಸಿಗೆ, ಮಂಚದ ಮೇಲೆ ಒಲೆ, ಇದೇ ನಮ್ಮ ಬಾಳು. ಕೊನೆಗೆ ತಡೆಗೋಡೆ ಮಂಜೂರಾಯಿತು. ಸೇತುವೆ ತುದಿಯ ದೊಡ್ಡ ಫಲಕದಲ್ಲಿ ಕೆಲಸ ಎಷ್ಟು ಮುಗಿಯಿತು ಅಂತ ಬಣ್ಣ ಬಳಿಯುತ್ತಿದ್ದರು, ಥರ್ಮಾಮೀಟರಿನ ಪಾದರಸ ಏರಿದ ಹಾಗೆ ಕೆಂಪು ಬಣ್ಣ ಏರುತ್ತಿತ್ತು. ಆದರೆ ಗೋಡೆ ಅಷ್ಟೇ ಕಟ್ಟಿದರೆ ಸಾಲದು. ಊರಿನಡಿ ಹಳೆಯ ಮೋರಿಗಳು ಹರಿಯುತ್ತವೆ, ಅವುಗಳ ಬಾಯಿ ನದಿಯೊಳಗೆ ನೀರಿನ ಮಟ್ಟಕ್ಕಿಂತ ಕೆಳಗೆ ತೆರೆದಿರುತ್ತದೆ. ನದಿ ಏರಿದರೆ ಗೋಡೆ ಹತ್ತಿ ಬರಬೇಕಾಗಿಲ್ಲ, ಆ ಬಾಯಿಯಲ್ಲಿ ನುಗ್ಗಿ ನಮ್ಮ ಬಚ್ಚಲಿನಲ್ಲೇ ಏಳುತ್ತದೆ. ಅದಕ್ಕೇ ಪ್ರತಿ ಬಾಯಿಗೂ ಮೇಲಿನಿಂದ ನೇತುಬಿದ್ದ ಒಂದು ಕಬ್ಬಿಣದ ಬಾಗಿಲು. ಒಳಗಿನ ನೀರು ತಳ್ಳಿದರೆ ತೆರೆಯುತ್ತದೆ, ನದಿ ತಳ್ಳಿದರೆ ಮುಚ್ಚಿಕೊಳ್ಳುತ್ತದೆ. ಅವನ್ನು ಕೂರಿಸುವ ಕೆಲಸ ಅಕ್ಕ ಭಾವನದು. ಕೆಲಸದ ಮೇಲೆ ಇದ್ದದ್ದು ಒಬ್ಬ ಇಂಜಿನಿಯರಮ್ಮ, ಮೆಲುದನಿಯವರು, ಬೂಟಿನ ತುಂಬ ಕೆಸರು. ಬಾಯಿಗಳು ಒಂದೊಂದಾಗಿ ಮುಚ್ಚಿದವು. ಎಲ್ಲ ಮುಗಿಯಿತು ಅಂತ ಫಲಕದವನು ಏಣಿ ತಂದೂ ಆಗಿತ್ತು.

“ಇಳಿಯಪ್ಪಾ, ಇನ್ನೂ ಇಲ್ಲ” ಅಂದರು ಇಂಜಿನಿಯರಮ್ಮ.

ಅವರಿಗೆ ಹಳೆ ಗಿರಣಿಯ ಮೇಲೆ ಅನುಮಾನ. ಅಂಗಳದ ಒಂದು ಮೋರಿ ಗುಂಡಿಗೆ ಬಕೆಟ್ಟುಗಟ್ಟಲೆ ಹಸಿರು ಬಣ್ಣದ ನೀರು ಸುರಿಸಿ, ಓಡಿಬಂದು ಗೋಡೆ ಮೇಲೆ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಕಲ್ಲಿನ ಮೆಟ್ಟಿಲ ಬುಡದಲ್ಲಿ ನದಿ ಹಸಿರಾಯಿತು. ಯಾರಿಗೂ ಗೊತ್ತಿಲ್ಲದ ಒಂದು ಬಾಯಿ ಅಲ್ಲಿತ್ತು. ದೊಡ್ಡಣ್ಣ ಇಳಿದಿದ್ದ ಅದೇ ಜಾಗ. ಅಕ್ಕ ಆ ಹಸಿರು ಕಲೆಯನ್ನೇ ನೋಡುತ್ತ ನಿಂತಿದ್ದಳಂತೆ, ಅದು ನೀರಿನಲ್ಲಿ ಕರಗಿ ಹೋಗುವವರೆಗೂ.

ಭಾವ ಇಳಿದು ಸವರಿ ನೋಡಿ ಬಂದರು. “ದೊಡ್ಡ ಬಾಯಿ. ಮನುಷ್ಯ ಬಗ್ಗಿ ಹೋಗ್ಬಹುದು. ಹಳೇ ಮರದ ಬಾಗಿಲೊಂದು ಒಂದೇ ಕೀಲಲ್ಲಿ ನೇತಾಡ್ತಿದೆ. ಅದರ ಬಳೆಗೆ ಒಂದು ಹಗ್ಗ ಕಟ್ಟಿ ಬಂದಿದೀನಿ, ನಾಳೆ ಜಾಗ ಹುಡುಕೋದು ಬೇಡ ಅಂತ.”

ಆ ಗುರುತಿನ ಹಗ್ಗದ ಮೇಲಿನ ತುದಿಯನ್ನು ಅಕ್ಕ ಮೆಟ್ಟಿಲ ಕಂಬಿಗೆ ಕಟ್ಟಬೇಕಿತ್ತು. ನೆತ್ತಿಯ ಮೇಲೆ ಬಿಸಿಲು. ಭಾವ ಎದುರಿಗೇ ಕೂತು ಚಹಾಕ್ಕೆ ಬಿಸ್ಕತ್ತು ಅದ್ದುತ್ತಿದ್ದರು. ಅಕ್ಕ ಕೈಯಲ್ಲಿದ್ದ ಹಗ್ಗವನ್ನು ಅಭ್ಯಾಸಬಲದಿಂದ ಒಂದು ಸಲ ಎಳೆದಳು. ಹೇಗಿದ್ದೀರಿ?

ಕೆಳಗಿನಿಂದ ಒಂದು ಎಳೆತ ಬಂತು. ಸ್ವಲ್ಪ ತಡೆದು, ಇನ್ನೊಂದು. ಚಿಕ್ಕದು.

ಭಾವನ ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು. “ಥೂ” ಅಂದರು. ಅಕ್ಕ ಹಗ್ಗ ಕಂಬಿಗೆ ಕಟ್ಟಿ ಮನೆಗೆ ಹೋದಳು, ಸಾರಿಗೆ ಉಪ್ಪು ಎರಡು ಸಲ ಹಾಕಿದಳು, ಅತ್ತೆಯ ಹತ್ತಿರ ಬೈಸಿಕೊಂಡಳು.

ಮರುದಿನದಿಂದ ಅಕ್ಕ ಮಧ್ಯಾಹ್ನ ಹಗ್ಗ ಒಣಗಿಸುತ್ತೇನೆ ಅಂತ ಒಬ್ಬಳೇ ಮೆಟ್ಟಿಲ ಹತ್ತಿರ ಹೋಗತೊಡಗಿದಳು. ನನ್ನ ಮೊಬೈಲ್ ರಿಪೇರಿ ಅಂಗಡಿ ಗೋಡೆಯ ಈಚೆ ಪಕ್ಕದಲ್ಲೇ, ಹೋಗುವುದು ಕಾಣುತ್ತಿತ್ತು. ಒಣಗಿದ ಹಗ್ಗವನ್ನೇ ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಿದ್ದಳು. ಅಲ್ಲಿ ಅವಳು ಮಾಡುತ್ತಿದ್ದದ್ದನ್ನು ಎಷ್ಟೋ ದಿನದ ಮೇಲೆ ನನಗೆ ಹೇಳಿದಳು. ಕೆಳಗಿನ ಮೆಟ್ಟಿಲ ಮೇಲೆ ಕೂತು ಗುರುತಿನ ಹಗ್ಗ ಬಿಚ್ಚಿ ಹಿಡಿಯುತ್ತಿದ್ದಳು. ಸುಮ್ಮನೆ ಹಿಡಿದರೆ ಏನೂ ಬರುತ್ತಿರಲಿಲ್ಲ. ಎಷ್ಟು ಹೊತ್ತು ಕೂತರೂ ಇಲ್ಲ. ಒಂದು ಸಲ ಎಳೆದು ಕೇಳಿದರೆ ಬರುತ್ತಿತ್ತು. ಒಂದು, ಆಮೇಲೆ ಚಿಕ್ಕದೊಂದು. ಯಾವಾಗ ಕೇಳಿದರೂ.

“ಹೆದರಿಕೆ ಆಗ್ಲಿಲ್ವಾ ಅಕ್ಕ?”

“ಮೊದಲ ದಿನ ಆಯ್ತು. ಆಮೇಲೆ, ಬರದೇ ಹೋದ್ರೆ ಅಂತ ಹೆದರಿಕೆ ಆಗ್ತಿತ್ತು.”

ಅಲ್ಲಿಂದ ಶುರುವಾಯಿತು ಅಕ್ಕನ ನೆಪ. ಕೆಲಸಕ್ಕೆ ಯಾವತ್ತೂ ತಡ ಮಾಡದವಳು ದಿನಕ್ಕೊಂದು ಹೇಳತೊಡಗಿದಳು. ಇವತ್ತು ಗಾಳಿ ಯಂತ್ರದ ಸದ್ದು ಸರಿ ಇಲ್ಲ. ಇವತ್ತು ಸೆಳೆತ ಜಾಸ್ತಿ. ಇವತ್ತು ಇವರಿಗೆ ಕೆಮ್ಮು. ಹೊಸ ಕಬ್ಬಿಣದ ಬಾಗಿಲು ತಯಾರಾಗಿ ಬಂದು ಗಿರಣಿಯ ಅಂಗಳದಲ್ಲಿ ಬಿದ್ದಿತ್ತು, ಅದರ ಮೇಲೆ ಕೋಳಿಗಳು ಕೂರುತ್ತಿದ್ದವು. ಆಕಾಶ ದಿನ ದಿನಕ್ಕೆ ಕಪ್ಪಾಗುತ್ತಿತ್ತು. ಮೇಲಿನ ಊರುಗಳಲ್ಲಿ ಮಳೆ ಹಿಡಿದಿತ್ತು.

ಒಂದು ಬೆಳಗ್ಗೆ ಅತ್ತೆ ಬಚ್ಚಲಿನಿಂದ ಕೂಗಿದರು. “ಏಯ್, ಬನ್ರೇ ಇಲ್ಲಿ! ನೆಲ ಗುಟುರು ಹಾಕ್ತಿದೆ!”

ನಾನೂ ಹೋಗಿ ಕೇಳಿದೆ, ನಮ್ಮ ಮನೆ ಎದುರಿಗೇ ತಾನೇ. ಬಚ್ಚಲಿನ ತೂತಿನಿಂದ ಸದ್ದು ಬರುತ್ತಿತ್ತು. ಯಾರೋ ಮಲಗಿ ನಿಧಾನವಾಗಿ ಉಸಿರಾಡಿದ ಹಾಗೆ. ಒಳಗೆ ಎಳೆದುಕೊಳ್ಳುವುದು, ಬಿಡುವುದು. ಬಿಟ್ಟಾಗ ತಣ್ಣನೆಯ ಗಾಳಿ ಕಾಲಿಗೆ ತಾಗುತ್ತಿತ್ತು, ನದಿಯ ವಾಸನೆ. ನಾನು ಹೊಸ್ತಿಲಿನಾಚೆ ಹಾರಿದೆ. ಅತ್ತೆ ಮಾತ್ರ ಒನಕೆಯಷ್ಟು ದಪ್ಪಕ್ಕೆ ಬಟ್ಟೆ ಸುತ್ತಿ ತೂತಿಗೆ ತುರುಕಿ, “ಇನ್ನು ಉಸಿರಾಡು ನೋಡೋಣ” ಅಂದರು. ಸ್ವಲ್ಪ ಹೊತ್ತಿಗೆ ಬಟ್ಟೆ ಪಟ್ ಅಂತ ಹೊರಗೆ ಬಂದು ಗೋಡೆಗೆ ಬಡಿಯಿತು.

ಅವತ್ತೇ ಇಂಜಿನಿಯರಮ್ಮ ಮನೆಗೆ ಬಂದರು. “ಅಕ್ಕ, ನೀರು ಆಗ್ಲೇ ಮೋರಿಯೊಳಗೆ ಆಡ್ತಿದೆ. ಈ ವಾರ ಆ ಬಾಯಿ ಮುಚ್ಚದೇ ಇದ್ರೆ ಗೋಡೆ ಕಟ್ಟಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಕೆಳಬೀದಿ ಪೂರ್ತಿ ಹೋಗುತ್ತೆ. ನಿಮ್ಮ ಮನೆನೂ. ಏನ್ ತೊಂದ್ರೆ ಹೇಳಿ, ಸರಿ ಮಾಡೋಣ.”

ಅಕ್ಕ ಮತ್ತೊಂದು ನೆಪ ಹೇಳಿದಳು. ಭಾವ ಅವಳನ್ನೇ ನೋಡುತ್ತಿದ್ದರು. ಆ ಮಧ್ಯಾಹ್ನ ಅವಳು ಹೊರಟಾಗ ಅವರೂ ಹಿಂದಿನಿಂದಲೇ ಮೆಟ್ಟಿಲಿಗೆ ಹೋದರು. ಅಕ್ಕ ಹಗ್ಗ ಹಿಡಿದು ಯಾರ ಹತ್ತಿರವೋ ಮಾತಾಡುತ್ತಿದ್ದಳು, ಅತ್ತೆ ಬಟ್ಟೆ ತುರುಕಿದ ಕತೆ ಹೇಳುತ್ತಿದ್ದಳು, ನಗುತ್ತಿದ್ದಳು.

“ಯಾರ ಹತ್ರ ಕಣೇ?”

ಅಕ್ಕ ಬೆಚ್ಚಲಿಲ್ಲ. ಹಗ್ಗವನ್ನು ಅವರ ಕೈಗೆ ಕೊಟ್ಟಳು. “ನೀವೇ ಕೇಳಿ.”

ಭಾವ ಕೇಳಿದರು. ಉತ್ತರ ಬಂತು. ಅವರ ಮುಖ ಬಿಳಿಚಿಕೊಂಡದ್ದು ಅಕ್ಕನಿಗೆ ಕಾಣಿಸಿತು. ಆದರೂ ಹೇಳಿದರು, “ಆ ಹಳೇ ಬಾಗಿಲಿನ ಹಲಗೆ ಅದು. ನೀನು ಎಳ್ದಾಗ ಇತ್ಲಾಗೆ ಬರುತ್ತೆ, ಮತ್ತೆ ವಾಪಸ್ ಹೋಗುತ್ತೆ. ಹೋಗಿ ಗೋಡೆಗೆ ತಾಗಿ ಒಂದ್ಸಲ ಪುಟಿಯುತ್ತೆ. ಅಷ್ಟೇ.”

“ಹಲಗೆಗೆ ನನ್ನ ಜಡೆ ಗೊತ್ತಾ?”

ಭಾವನಿಗೆ ಅರ್ಥವಾಗಲಿಲ್ಲ. ಆಗ ಅಕ್ಕ ಅಣ್ಣನ ಚಿಕ್ಕ ಎಳೆತದ ವಿಷಯ ಮೊದಲ ಸಲ ಬಾಯಿ ಬಿಟ್ಟು ಹೇಳಿದಳು. ಮದುವೆಯಾಗಿ ಇಷ್ಟು ಕಾಲವಾದರೂ ಹೇಳಿರಲಿಲ್ಲ. ಭಾವ ಅವಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತರು. ನೀರು ಅವರ ಕಾಲ್ಬೆರಳಿನವರೆಗೆ ಬಂದು ಹೋಗಿ ಮಾಡುತ್ತಿತ್ತು.

“ಇದ್ರೂ ಇರ್ಲಿ ಕಣೇ” ಅಂದರು ಭಾವ ಕೊನೆಗೆ. “ಅಲ್ಲೇ ಇದ್ದಾನೆ ಅಂತಾನೇ ಇಟ್ಕೋ. ಅಮ್ಮ ಇದಾಳೆ, ಎದುರುಮನೆ ಮಕ್ಕಳಿದಾರೆ. ಬೀದಿ ಪೂರ್ತಿ ಇದೆ. ನಾಳೆ ಇಳೀತೀನಿ. ಹಗ್ಗ ನೀನು ಹಿಡೀದೆ ಇದ್ರೆ ಬೇರೆ ಯಾರಾದ್ರೂ ಹಿಡೀತಾರೆ.”

“ಬೇರೆಯವರ ಕೈಗೆ ಕೊಡಲ್ಲ” ಅಂದಳು ಅಕ್ಕ.

ಮರುದಿನ ಬೆಳಗ್ಗೆ ಹನಿ ಹನಿ ಮಳೆ. ನದಿ ಮೆಟ್ಟಿಲನ್ನು ಅರ್ಧ ನುಂಗಿತ್ತು. ಗೋಡೆಯ ಮೇಲೆ ಕ್ರೇನು, ಅದರ ಕೊಕ್ಕೆಯಲ್ಲಿ ಕಬ್ಬಿಣದ ಬಾಗಿಲು ನೇತಾಡುತ್ತಿತ್ತು. ಹಳೆಯ ಹಲಗೆಯನ್ನು ಕೀಲಿನಿಂದ ಬಿಡಿಸಬೇಕು, ಆಮೇಲೆ ಹೊಸದು ಇಳಿಸಬೇಕು. ಭಾವ ಮುಖವಾಡ ಹಾಕಿಕೊಂಡು, ಅಕ್ಕನಿಗೆ ಕೈ ಆಡಿಸಿ, ಮುಳುಗಿದರು. ಗುಳ್ಳೆಗಳು ಎದ್ದವು. ಯಂತ್ರ ಡುಗುಡುಗು ಅನ್ನುತ್ತಿತ್ತು.

ಅಕ್ಕ ಕೇಳಿದಳು. ದಪ್ಪನೆಯ ಎಳೆತ ಬಂತು. ಭಾವ. ಇನ್ನೊಮ್ಮೆ ಕೇಳಿದಳು, ಬಂತು. ಎರಡು ಬಂತು, ಹಗ್ಗ ಬಿಟ್ಟಳು. ಆಮೇಲೆ ಕೇಳಿದಾಗ ಉತ್ತರ ಬಂತು, ಒಂದು. ಸ್ವಲ್ಪ ತಡೆದು, ಚಿಕ್ಕದು.

ಇಲ್ಲೇ ನೋಡಿ, ಅಕ್ಕನ ಕೈ ತಪ್ಪಿದ್ದು. ಬೇರೆ ಯಾರಾಗಿದ್ದರೂ ತಕ್ಷಣ ಬೆಚ್ಚುತ್ತಿದ್ದರು. ಆದರೆ ಅಕ್ಕನ ಬೆರಳಿಗೆ ಅದು ಎಳವೆಯಿಂದ ಪರಿಚಯದ್ದು. ಅಷ್ಟು ದಿನ ಮಧ್ಯಾಹ್ನವೆಲ್ಲ ಅದನ್ನೇ ಕೇಳಿ ಕೇಳಿ ಅಭ್ಯಾಸ ಬೇರೆ. ಮನಸ್ಸು ತಣ್ಣಗಾಯಿತು. ಸರಿಯಾಗಿದ್ದಾನೆ. ಮತ್ತೆ ಕೇಳಿದಳು. ಒಂದು, ಚಿಕ್ಕದು. ಮತ್ತೆ. ಒಂದು, ಚಿಕ್ಕದು.

ಇಂಜಿನಿಯರಮ್ಮ ಕೈಗಡಿಯಾರ ನೋಡಿದರು, ಮತ್ತೊಮ್ಮೆ ನೋಡಿದರು. ಹಗ್ಗ ಹಿಡಿದವಳ ಹತ್ತಿರ ಮಾತಾಡಬಾರದು ಅಂತ ಅವರಿಗೂ ಗೊತ್ತಿತ್ತು. ಆದರೂ ತಡೆಯಲಾರದೆ ಹತ್ತಿರ ಬಂದು ಬಗ್ಗಿದರು. “ಅಕ್ಕ, ತುಂಬ ಹೊತ್ತಾಯ್ತಲ್ವಾ?”

“ಸರಿಯಾಗಿದ್ದಾನೆ” ಅಂದಳು ಅಕ್ಕ. “ಕೇಳಿದಾಗಲೆಲ್ಲ ಉತ್ತರ ಕೊಡ್ತಿದ್ದಾನೆ.”

ಇಂಜಿನಿಯರಮ್ಮ ಅವಳನ್ನೇ ನೋಡಿದರು. “ಯಾರು?”

ಅಕ್ಕ ಗಂಡನಿಗೆ ಯಾವತ್ತೂ ಏಕವಚನ ಆಡಿದವಳಲ್ಲ. ತನ್ನ ಬಾಯಿಂದ ಏನು ಬಂತು ಅಂತ ಅವಳಿಗೆ ಆಗ ಹೊಳೆಯಿತು. ಕೈಯಲ್ಲಿರುವುದು ಗುರುತಿನ ಹಗ್ಗ ಅಲ್ಲ. ಇದರ ಇನ್ನೊಂದು ತುದಿ ಭಾವನ ಸೊಂಟದಲ್ಲಿದೆ. ಹಾಗಾದರೆ ಉತ್ತರ ಕೊಡುತ್ತಿರುವುದು ಯಾರು?

“ಇದು ಇವರಲ್ಲ” ಅಂದಳು. ಎದ್ದು ನಿಂತಳು. “ಇದು ಇವರಲ್ಲ!”

ಕ್ರೇನಿನವರೆಲ್ಲ ಓಡಿಬಂದು ಹಗ್ಗಕ್ಕೆ ಕೈ ಹಾಕಿದರು. ಹಗ್ಗ ಬಂಡೆಗೆ ಕಟ್ಟಿದ ಹಾಗೆ ಬಿಗಿಯಿತು. ಒಂದು ಗೇಣೂ ಬರಲಿಲ್ಲ. ಅಷ್ಟೇ ಅಲ್ಲ, ಎಳೆದಷ್ಟೂ ಆ ಕಡೆಯಿಂದ ಎಳೆಯುತ್ತಿತ್ತು. “ಯಾರೋ ಹಿಡ್ಕೊಂಡಿದಾರೆ!” ಅಂತ ಕ್ರೇನಿನವರಲ್ಲಿ ಒಬ್ಬ ಕೈ ಬಿಟ್ಟುಬಿಟ್ಟ. ಅವನನ್ನು ಬೈಯಬೇಡಿ, ನಾನಾಗಿದ್ದರೆ ಮನೆಗೇ ಓಡುತ್ತಿದ್ದೆ.

“ಬಿಡಿ ಎಲ್ಲ! ಯಾರೂ ಮುಟ್ಬೇಡಿ!” ಅಂತ ಅಕ್ಕ ಕೂಗಿದಳು. ಒಬ್ಬಳೇ ಹಗ್ಗ ಹಿಡಿದು ಮೊಣಕಾಲೂರಿ ಕೂತಳು. ನೀರು ಅವಳ ತೊಡೆಯವರೆಗೆ ಬರುತ್ತಿತ್ತು. ಸಡಿಲ ಬಿಟ್ಟಳು. ಕೇಳಿದಳು. ಒಂದು ಬಂತು. ಅದಕ್ಕೂ ಚಿಕ್ಕದಕ್ಕೂ ನಡುವೆ, ಅಣ್ಣ ತಡೆಯುತ್ತಿದ್ದನಲ್ಲ, ಆ ಸ್ವಲ್ಪ ಹೊತ್ತಿನಲ್ಲಿ ಹಗ್ಗ ಕೈಯಲ್ಲಿ ಸತ್ತ ಹಾಗಾಗುತ್ತಿತ್ತು. ಆ ಸಂದಿಯಲ್ಲಿ ಅಕ್ಕ ಒಂದು ಗೇಣು ಎಳೆದುಕೊಂಡಳು. ಬಂತು. ಮತ್ತೆ ಕೇಳಿದಳು, ಮತ್ತೆ ಕಾದಳು, ಮತ್ತೆ ಒಂದು ಗೇಣು. ಹಾಗೆ ಎಷ್ಟು ಸಲವೋ. ಮಳೆ ಜೋರಾಗಿತ್ತು. ಎಲ್ಲರಿಗೂ ಕೇಳುವ ಹಾಗೆ, ಮನೆಯೊಳಗೆ ಅಣ್ಣನಿಗೆ ಗದರಿದ ಹಾಗೆ ಹೇಳಿದಳು.

“ಸಾಕು ಅಣ್ಣ. ಆಟ ಸಾಕು. ಇವರನ್ನ ಬಿಡು.”

ಕೇಳಿದಳು. ಒಂದು ಬಂತು. ಕಾದಳು. ಚಿಕ್ಕದು ಬರಲಿಲ್ಲ.

ಹಗ್ಗ ಪೂರ್ತಿ ಸಡಿಲವಾಯಿತು. ಆಮೇಲೆ ದಪ್ಪ ದಪ್ಪ ಮೂರು ಎಳೆತ, ಗಂಟೆ ಹೊಡೆದ ಹಾಗೆ.

“ಎಳೀರಿ!” ಅಂದಳು ಅಕ್ಕ.

ಭಾವ ಮೇಲೆ ಬಂದಾಗ ತುಟಿ ನೀಲಿ, ಬಲಗೈ ಮೊಣಕೈಯಿಂದ ಕೆಳಗೆ ಜೋತುಬಿದ್ದಿತ್ತು. ಹಲಗೆ ಮಗುಚಿ ಅವರ ಕೈಯನ್ನು ಬಾಯಿಯ ಅಂಚಿಗೆ ಒತ್ತಿ ಹಿಡಿದಿತ್ತು, ಹಗ್ಗ ಆ ಹಲಗೆಗೇ ಸುತ್ತಿಕೊಂಡಿತ್ತು. “ಮೂರು ಎಳ್ದೆ ಕಣೇ. ಮೇಲಿಂದ ಮೇಲೆ ಎಳ್ದೆ. ಯಾಕೆ ಎತ್ಲಿಲ್ಲ?” ಅಂದರು. ಅವರು ಎಳೆದದ್ದೆಲ್ಲ ಹಲಗೆಯಲ್ಲೇ ನಿಂತುಹೋಗಿತ್ತು. ಅಕ್ಕ ಕೇಳಿದ್ದಕ್ಕೆಲ್ಲ ಹಲಗೆಯೇ ತೂಗಿ ತೂಗಿ ಉತ್ತರ ಕೊಟ್ಟಿತ್ತು. ಹಾಗಂತ ಇಂಜಿನಿಯರಮ್ಮ ಬಿಡಿಸಿ ಹೇಳಿದರು. ಸರಿಯಾದ ಮಾತೇ. ನಾನೂ ಅದನ್ನೇ ನಂಬುತ್ತೇನೆ, ಹಗಲು ಹೊತ್ತಿನಲ್ಲಿ.

ಬೆಲ್ಟು ಬಿಚ್ಚುವಾಗ ಇನ್ನೊಂದು ಕಂಡಿತು. ಭಾವನ ಸೊಂಟದ ಗಂಟು ಅರ್ಧ ಬಿಚ್ಚಿತ್ತು. ನೀಟಾಗಿ. “ನೀವು ಬಿಚ್ಚೋಕೆ ಹೋದ್ರಾ?” ಅಂತ ಅಕ್ಕ ಕೇಳಿದಳು. “ಒಂದು ಕೈ ಸಿಕ್ಕಿ, ಇನ್ನೊಂದರಲ್ಲಿ ಹಗ್ಗ ಎಳೀತಿದ್ದೆ. ಯಾವ ಕೈಯಲ್ಲಿ ಬಿಚ್ಲಿ?” ಅಂದರು ಭಾವ.

ಅಕ್ಕ ಆ ಗಂಟನ್ನು ನೋಡುತ್ತ ಕೂತುಬಿಟ್ಟಳು. ಅವಳಿಗೆ ಆಗ ಹೊಳೆದದ್ದು ಬೇರೆ. ದೊಡ್ಡಣ್ಣ ಇಳಿದ ದಿನವೂ ಕೊನೆಯವರೆಗೆ ಉತ್ತರ ಬಂದಿತ್ತಲ್ಲ. ಅವನ ಹಗ್ಗವೂ ಈ ಹಲಗೆಗೇ ಸುತ್ತಿಕೊಂಡಿದ್ದರೆ? ಮೂರು ಎಳೆದು ಎಳೆದು, ಯಾರೂ ಎತ್ತದೆ ಇದ್ದಾಗ ತಾನೇ ಗಂಟು ಬಿಚ್ಚಿ, ದಾರಿ ಕಾಣದೆ, ಆ ಬಾಯಿಯೊಳಗೆ ಹೋಗಿದ್ದರೆ? ಹಾಗಾದರೆ ಅವತ್ತು ಕೊನೆಯಲ್ಲಿ ‘ಸರಿಯಾಗಿದ್ದೀನಿ’ ಅಂದದ್ದು ಯಾರು?

ಭಾವನನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಇಂಜಿನಿಯರಮ್ಮ ಅಕ್ಕನನ್ನು ಗಿರಣಿಯ ಅಂಗಳಕ್ಕೆ ಕರೆದುಕೊಂಡು ಹೋದರು. ಇನ್ನು ಯಾರನ್ನೂ ನೀರಿಗೆ ಇಳಿಸುವ ಹಾಗಿರಲಿಲ್ಲ. ಉಳಿದದ್ದು ಒಂದೇ ದಾರಿ, ಗುಂಡಿಯಿಂದಲೇ ಕಾಂಕ್ರೀಟು ಸುರಿದು ಮೋರಿಯನ್ನು ಒಳಗಿನಿಂದ ಮುಚ್ಚುವುದು. ಲಾರಿ ಬಂದು ನಿಂತಿತ್ತು, ಡ್ರಮ್ಮು ತಿರುಗುತ್ತಿತ್ತು.

“ನಿಮ್ಮ ಅಣ್ಣನ ವಿಷಯ ನಿಮ್ಮ ಯಜಮಾನ್ರು ಹೇಳಿದ್ರು” ಅಂದರು ಇಂಜಿನಿಯರಮ್ಮ. “ನೀರು ಇಳಿಯೋವರೆಗೆ ಕಾದ್ರೆ ಒಳಗೆ ಹುಡುಕಿಸಬಹುದು. ಏನಾದ್ರೂ ಸಿಗಬಹುದು. ಆದ್ರೆ ನೀರು ಏರ್ತಿದೆ. ಈಗ ಸುರಿದ್ರೆ ಆಮೇಲೆ ತೆಗೆಯೋಕಾಗಲ್ಲ ಅಕ್ಕ. ನಾನಾಗೇ ಸುರಿಸಬಹುದು, ನನಗೆ ಅಧಿಕಾರ ಇದೆ. ಆದ್ರೂ ನಿಮ್ಮನ್ನ ಕೇಳದೆ ನನ್ನ ಕೈ ಬರ್ತಿಲ್ಲ.”

ಅಕ್ಕ ಗುಂಡಿಯ ಹತ್ತಿರ ಹೋಗಿ ಬಗ್ಗಿದಳು. ಕೆಳಗೆ ಕಪ್ಪು ನೀರು ಏರಿ ಇಳಿಯುತ್ತಿತ್ತು. ತಣ್ಣನೆಯ ಗಾಳಿ ಅವಳ ಮುಖಕ್ಕೆ ಬಂದು, ಮತ್ತೆ ಒಳಗೆ ಹೋಗುತ್ತಿತ್ತು. ಕೂದಲು ಅದರ ಜೊತೆಗೇ ಮುಂದೆ ಹಿಂದೆ ಆಡುತ್ತಿತ್ತು. ಅಷ್ಟರಲ್ಲಿ ಅತ್ತೆ ಕೊಡೆ ಹಿಡಿದು, ಸೀರೆ ಮೊಣಕಾಲಿಗೆ ಎತ್ತಿಕೊಂಡು ಅಂಗಳಕ್ಕೆ ಬಂದರು. ಮಗನ ಸುದ್ದಿ ಕೇಳಿ ಓಡಿಬಂದವರು. ಬೈಯುತ್ತಾರೆ ಅಂತ ಎಲ್ಲರೂ ಅಂದುಕೊಂಡರು. ಅವರು ಕೊಡೆಯನ್ನು ಸೊಸೆಯ ತಲೆ ಮೇಲೆ ಹಿಡಿದು ನಿಂತರು, ಅಷ್ಟೇ. ಬಚ್ಚಲಿನ ನೀರು ಅಡುಗೆಮನೆಗೆ ಬಂದಿತ್ತು, ಅವರ ಪಾದದ ಮೇಲೆ ಇನ್ನೂ ಕೆಸರು ಇತ್ತು.

ಅಕ್ಕ ಆ ಕೆಸರನ್ನು ನೋಡಿದಳು.

“ಸುರೀರಿ” ಅಂದಳು.

ಕಾಂಕ್ರೀಟು ಇಳಿಯಿತು. ಗುಂಡಿಯೊಳಗಿನಿಂದ ಗಾಳಿ ಒಂದು ಸಲ ಉದ್ದಕ್ಕೆ ಹೊರಗೆ ಬಂತಂತೆ, ಎಲ್ಲರ ಬಟ್ಟೆ ಅಲ್ಲಾಡುವ ಹಾಗೆ. ಮತ್ತೆ ಒಳಗೆ ಹೋಗಲಿಲ್ಲ. ಅಕ್ಕ ಲಾರಿ ಖಾಲಿಯಾಗುವವರೆಗೂ ಅಲ್ಲೇ ನಿಂತಿದ್ದಳು, ಇನ್ನೊಂದು ಲಾರಿ ಬಂದಾಗಲೂ.

ನದಿ ಬಂತು. ಯಾವ ವರ್ಷವೂ ಬಾರದಷ್ಟು ಬಂತು. ಗೋಡೆಯ ಆಚೆ ನೀರು ನಮ್ಮ ತಲೆಗಿಂತ ಮೇಲೆ ನಿಂತಿತ್ತು. ಈಚೆ ನಾವು ಒಣ ಬೀದಿಯಲ್ಲಿ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದೆವು. ಆ ಗೋಡೆಗೆ ಕಿವಿ ಇಟ್ಟರೆ ಮರದ ದಿಮ್ಮಿಗಳು ಉಜ್ಜಿಕೊಂಡು ಹೋಗುವ ಸದ್ದು ಕೇಳುತ್ತಿತ್ತು. ಯಾರೂ ಜೋರಾಗಿ ಮಾತಾಡಲಿಲ್ಲ ಆ ದಿನಗಳಲ್ಲಿ. ಬಚ್ಚಲುಗಳು ಸುಮ್ಮನಿದ್ದವು. ಫಲಕದವನು ಏಣಿ ಹತ್ತಿ ಕೆಂಪು ಬಣ್ಣವನ್ನು ತುದಿಯವರೆಗೆ ಬಳಿದ.

ಭಾವನ ಕೈ ಕೂಡಿಕೊಂಡಿತು, ಸ್ವಲ್ಪ ಸೊಟ್ಟಗೆ. ಮತ್ತೆ ಇಳಿಯುತ್ತಾರೆ. ಅಕ್ಕ ಮತ್ತೆ ಹಗ್ಗ ಹಿಡಿಯುತ್ತಾಳೆ. ಆದರೆ ಹಗ್ಗದ ಭಾಷೆಯನ್ನು ಅವಳು ಬದಲಾಯಿಸಿದ್ದಾಳೆ. ಈಗ ‘ಹೇಗಿದ್ದೀರಿ’ ಅಂತ ಒಂದೇ ಎಳೆಯುವುದಿಲ್ಲ. ನಾಲ್ಕೋ ಐದೋ ಆರೋ, ಆ ಹೊತ್ತಿಗೆ ಮನಸ್ಸಿಗೆ ಬಂದಷ್ಟು ಎಳೆಯುತ್ತಾಳೆ. ಭಾವ ಅದಕ್ಕಿಂತ ಒಂದು ಹೆಚ್ಚು ಎಳೆಯಬೇಕು. ಹಲಗೆಗೆ, ಬೇರಿಗೆ, ನೀರಿಗೆ ಕೂಡಿಸಲು ಬರುವುದಿಲ್ಲ. “ಈ ವಯಸ್ಸಲ್ಲಿ ನೀರೊಳಗೆ ಲೆಕ್ಕ ಮಾಡಿಸ್ತಾಳೆ ನನ್ನ ಮಗನ ಕೈಲಿ. ಮೇಷ್ಟ್ರ ಕೈಲೂ ಆಗಿರ್ಲಿಲ್ಲ” ಅನ್ನುತ್ತಾರೆ ಅತ್ತೆ, ಸ್ವಲ್ಪ ಹೆಮ್ಮೆಯಿಂದಲೇ. ಇಂಜಿನಿಯರಮ್ಮ ಬೇರೆ ಊರಿನ ಮುಳುಗುಗಾರರಿಗೂ ಇದನ್ನೇ ಹೇಳಿಕೊಡುತ್ತಿದ್ದಾರಂತೆ.

ಮೊನ್ನೆ ಸೇತುವೆಯ ಹತ್ತಿರ ಕೆಲಸ ಮುಗಿದಿತ್ತು. ಭಾವ ದಂಡೆಯ ಮೇಲೆ ಅಂಗಿ ಹಿಂಡುತ್ತಿದ್ದರು. ಹಗ್ಗದ ತುದಿ ಇನ್ನೂ ನೀರಿನಲ್ಲಿತ್ತು, ಅಕ್ಕ ಸರಸರನೆ ಸುತ್ತಿಕೊಳ್ಳುತ್ತಿದ್ದಳು. ನಾನು ತಮಾಷೆಗೆ, “ಅಕ್ಕ, ಖಾಲಿ ಹಗ್ಗಕ್ಕೆ ಒಂದ್ಸಲ ನಾಲ್ಕು ಎಳೆದು ನೋಡ್ಬಾರ್ದಾ?” ಅಂದೆ.

ಅಕ್ಕ ಸುತ್ತುವುದನ್ನು ನಿಲ್ಲಿಸಲಿಲ್ಲ. ಒದ್ದೆ ತುದಿ ಮೇಲೆ ಬಂದು ದಂಡೆಗೆ ಬಿದ್ದ ಮೇಲೆಯೇ ನನ್ನ ಕಡೆ ನೋಡಿದಳು.

“ಐದು ಬಂದ್ರೆ ಏನ್ ಮಾಡ್ಲೇ?”